ಒಂದು ಬೊಗಸೆ ಕೊಸರು

ನಮ್ಮ ಮಾತ್ರೆಯ ಕೆಲಸವೇ ನಿಧಾನ ಮಾಡುವುದು. ಬೆಳಿಗ್ಗೆ ಊಟದ ಜೊತೆ ಒಂದು ನುಂಗಿದರೆ ಅದು ಹೊಟ್ಟೆಯಲ್ಲಿ ಉಬ್ಬಿ, ಸುತ್ತಲೂ ಲೋಳೆ ಕಟ್ಟಿಕೊಂಡು, ಸಕ್ಕರೆ ಕಾಯಿಲೆಯ ಮದ್ದನ್ನು ಇಡೀ ದಿನ ಚೂರು ಚೂರೇ ಬಿಡಬೇಕು. ಇಂಥ ಮಾತ್ರೆಯನ್ನು ರೂಪಿಸುವ ಕೆಲಸ ನನ್ನಂಥವಳ ಪಾಲಿಗೆ ಯಾಕೆ ಬಂತೋ ತಿಳಿಯದು. ಯಲಿಯೂರಿನಲ್ಲಿ ರೈಲು ಐದು ನಿಮಿಷ ತಡವಾದರೆ ಪ್ಲಾಟ್‌ಫಾರಂ ಮೇಲೆ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ಓಡಾಡುವವಳು ನಾನು. ಹಾಲು ಕಾಯುವ ತನಕ ಒಲೆಯ ಮುಂದೆ ನಿಂತಿರಲಾರೆ. ಮದ್ದೂರಿನಲ್ಲಿ ಇಳಿದು ಸೋಮನಹಳ್ಳಿಯ ಬಸ್ಸು ಹಿಡಿದರೆ, ಮುಂದೆ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದಾಗ ಡ್ರೈವರಿಗಿಂತ ಮುಂಚೆ ನನ್ನ ಕಾಲು ಬ್ರೇಕು ಒತ್ತುತ್ತದೆ.

ಹೊಸ ಮಾತ್ರೆಯೊಂದು ಮಾರುಕಟ್ಟೆಗೆ ಹೋಗುವ ಮೊದಲು ಒಂದರ ಹಿಂದೆ ಒಂದು ಮೂರು ಬ್ಯಾಚು ಪಾಸಾಗಬೇಕು. ಎರಡು ಪಾಸಾಗಿದ್ದವು. ಆ ಗುರುವಾರ ಮೂರನೆಯದರ ಪರೀಕ್ಷೆ. ಹೆದ್ದಾರಿ ಪಕ್ಕದ ನಮ್ಮ ಸಣ್ಣ ಕಾರ್ಖಾನೆಯ ಲ್ಯಾಬಿನಲ್ಲಿ ಆರು ಗಾಜಿನ ಪಾತ್ರೆಗಳ ಒಂದು ಯಂತ್ರವಿದೆ. ಮೈಯಷ್ಟೇ ಬೆಚ್ಚಗಿನ ನೀರು, ಒಂದೊಂದರಲ್ಲಿ ಒಂದೊಂದು ಮಾತ್ರೆ, ಮೇಲಿಂದ ಇಳಿದು ಸುಮ್ಮನೆ ತಿರುಗುವ, ದೋಣಿಯ ಹುಟ್ಟಿನಂಥ ಒಂದೊಂದು ಸಲಾಕೆ. ಒಂದನೇ ಗಂಟೆಗೆ, ನಾಲ್ಕನೇ ಗಂಟೆಗೆ, ಎಂಟನೇ ಗಂಟೆಗೆ ಸ್ವಲ್ಪ ನೀರು ತೆಗೆದು ಮದ್ದು ಎಷ್ಟು ಹೊರಗೆ ಬಂದಿದೆ ಎಂದು ಅಳೆಯುತ್ತೇವೆ. ಎಂಟನೇ ಗಂಟೆಗೆ ನೂರರಲ್ಲಿ ಎಂಬತ್ತು ಪಾಲಾದರೂ ಬಂದಿರಬೇಕು. ಸಂಜೆ ನಾಲ್ಕೂವರೆಗೆ ಕೈಗೆ ಬಂದ ಹಾಳೆಯಲ್ಲಿ ಆರರಲ್ಲಿ ಐದು ಮಾತ್ರೆಗಳು ಎಪ್ಪತ್ತನ್ನೂ ಮುಟ್ಟಿರಲಿಲ್ಲ. ಪಾತ್ರೆಯ ತಳದಲ್ಲಿ ಅವು ಕೊಬ್ಬಿದ ಹುಳುಗಳ ಹಾಗೆ ಕೂತಿದ್ದವು. ನನಗೆ ಅವನ್ನು ಕೈ ಹಾಕಿ ಹಿಚುಕಬೇಕು ಅನ್ನಿಸಿತು.

ಮರುದಿನ ಬೆಳಿಗ್ಗೆ ಗೇಟಿನಲ್ಲೇ ತೂಕದಕ್ಕ ಸಿಕ್ಕರು. ಬ್ಯಾಚಿಗೆ ಬೇಕಾದ ಪುಡಿಗಳನ್ನೆಲ್ಲ ತೂಗಿ, ಚೀಲ ಕಟ್ಟಿ, ಚೀಟಿ ಅಂಟಿಸಿ ಕೊಡುವ ಹೆಂಗಸು. ಐವತ್ತರ ಹತ್ತಿರದ ವಯಸ್ಸು, ಆರು ವರ್ಷದಿಂದ ಗುತ್ತಿಗೆಯ ಮೇಲೆ ಇದ್ದಾರೆ. ನಾವೆಲ್ಲ ಅವರನ್ನು ಕರೆಯುವುದೇ ಹಾಗೆ.

"ಮೇಡಮ್ಮೋರೆ, ಪಾಸಾಯ್ತಾ?"

"ಇಲ್ಲಕ್ಕ."

ಅವರ ಮುಖ ಸಣ್ಣದಾಯಿತು. "ಮೂರೂ ಪಾಸಾದ್ರೆ ಈ ತಿಂಗ್ಳೇ ಖಾಯಂ ಮಾಡ್ತೀವಿ ಅಂದವ್ರೆ. ನಮ್ಮನೇಲಿ ನಾನೊಬ್ಳೇ ಅಲ್ವಾ ದುಡಿಯೋಳು. ನೀವು ನೋಡ್ತೀರ ಬುಡಿ, ಎಲ್ಲಾ ಸರಿ ಓಯ್ತದೆ."

ನೋಡುತ್ತೀನಿ ಎಂದು ಹೇಳಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ.

ಮಾತ್ರೆಯಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಮದ್ದೇ ಅಲ್ಲ. ಉಬ್ಬಿ ಲೋಳೆಯಾಗುವ ಪುಡಿ ಒಂದು, ಗಾತ್ರ ತುಂಬುವ ಪುಡಿ ಒಂದು, ಹಿಡಿದು ನಿಲ್ಲಿಸುವ ಅಂಟು ಒಂದು. ಕೊನೆಗೆ ಮಾತ್ರೆ ಒತ್ತುವ ಯಂತ್ರದ ಅಚ್ಚಿಗೆ ಅಂಟದಂತೆ ಸ್ಟಿಯರೇಟು ಎಂಬ ನುಣುಪಾದ ಬಿಳಿ ಪುಡಿ, ನೂರು ಕಿಲೋಗೆ ಒಂದು ಕಿಲೋ. ನಮ್ಮ ಕೆಲಸಗಾರರು ಅದನ್ನು ಜಾರೋ ಪುಡಿ ಅನ್ನುತ್ತಾರೆ. ಪುಸ್ತಕಗಳಲ್ಲಿ ಇವೆಲ್ಲಕ್ಕೂ ನಿಷ್ಕ್ರಿಯ ಪದಾರ್ಥ ಎಂದು ಹೆಸರು. ದೇಹದಲ್ಲಿ ಏನೂ ಮಾಡದವು ಎಂದು ಅರ್ಥ. ಮಾತ್ರೆಯಲ್ಲಿ ಮಾತ್ರ ಇವು ಮಾಡದ ಕಿತಾಪತಿ ಇಲ್ಲ.

ನನ್ನ ಮೊದಲ ಅನುಮಾನ ಲೋಳೆ ಪುಡಿಯ ಮೇಲೆ. ಅದು ಗಟ್ಟಿ ಲೋಳೆಯಾದರೆ ಮದ್ದು ಹೊರಬರಲು ತಿಣುಕುತ್ತದೆ. ಎರಡನೇ ಬ್ಯಾಚಿಗೂ ಮೂರನೆಯದಕ್ಕೂ ಒಂದೇ ಮೂಟೆಯಿಂದ ತೆಗೆದಿದ್ದರು. ಆದರೂ ಮತ್ತೆ ನೀರಿನಲ್ಲಿ ಕಲಸಿ ಎಷ್ಟು ಮಂದವಾಗುತ್ತದೆಂದು ಅಳೆಸಿದೆ. ಸರಿಯಿತ್ತು. ಆಮೇಲೆ ಗಾತ್ರ ತುಂಬುವ ಪುಡಿ. ಅದು ನೀರಿನಲ್ಲಿ ಕರಗುವಂಥದ್ದು, ತಾನು ಕರಗುತ್ತಾ ನೀರನ್ನು ಮಾತ್ರೆಯ ಒಳಕ್ಕೆ ಎಳೆಯುತ್ತದೆ. ಅಪ್ಪಿತಪ್ಪಿ ಕರಗದ ಇನ್ನೊಂದು ಪುಡಿ ಹೋಗಿಬಿಟ್ಟಿದೆಯೋ ಎಂದು ಲ್ಯಾಬಿನವರನ್ನು ಗೋಳುಹೊಯ್ದುಕೊಂಡೆ. ಅದೂ ಸರಿಯಿತ್ತು. ಪರೀಕ್ಷೆಯೇ ತಪ್ಪಿರಬಹುದು ಎಂದು ಶನಿವಾರ ಮತ್ತೆ ಆರು ಮಾತ್ರೆ ಹಾಕಿಸಿದೆ. ಎಂಟು ಗಂಟೆಯ ಹೊತ್ತು ಕಾರಿಡಾರಿನಲ್ಲಿ ಎಷ್ಟು ಸಲ ಓಡಾಡಿದೆನೋ. ಬೇಗ ಕರಗು ಎಂದು ಮಾತ್ರೆಗೆ ಹೇಳಲು ಆಗುತ್ತದೆಯೇ? ಸಂಜೆಗೆ ಅದೇ ಉತ್ತರ ಬಂತು.

ಸೋಮವಾರ ಕ್ವಾಲಿಟಿ ಮುಖ್ಯಸ್ಥರು ಕರೆಸಿದರು. ಮಂಡ್ಯದವರು, ನಿವೃತ್ತಿಗೆ ಹತ್ತಿರವಾದವರು, ದನಿ ಏರಿಸದೆ ಮಾತಾಡುವವರು.

"ಪುಡಿ ಸರಿ, ಯಂತ್ರ ಸರಿ, ಪರೀಕ್ಷೆನೂ ಸರಿ. ಹಂಗಾದ್ರೆ ಉಳಿದಿದ್ದು ಯಾರಮ್ಮ?"

"ಯಾರು ಸರ್?"

"ಮನುಷ್ಯರು. ಮಾಲು ಕೊಳ್ಳೋರು ಬರೋ ಸೋಮವಾರದೊಳಗೆ ಕಾರಣ ಬರೆದು ಕಳ್ಸಿ ಅಂತವ್ರೆ. ಯಾರ ಕೈ ತಪ್ಪು ಅಂತ ಬರೀರಿ, ಅವ್ರನ್ನ ತೆಗೆದ್ವಿ, ಬೇರೆಯವ್ರಿಗೆ ತರಬೇತಿ ಕೊಟ್ವಿ ಅಂತ ಬರೀರಿ. ಮತ್ತೆ ಮೂರು ಬ್ಯಾಚು ಮಾಡೋಕೆ ಒಪ್ಕೋತಾರೆ."

"ಯಾರ ತಪ್ಪು ಅಂತ ನನಗಿನ್ನೂ ಗೊತ್ತಿಲ್ಲ ಸರ್."

"ಒಂದು ವಾರ ಐತಲ್ಲ, ಹುಡುಕಿ."

ಹಾಗೆ ನಾನು ಕಾಗದಗಳ ರಾಶಿಯ ಮುಂದೆ ಕೂತೆ. ಕೂತೆ ಅನ್ನುವುದು ಸುಳ್ಳು. ನಿಂತೇ ಓದಿದೆ. ಮೊದಲ ಎರಡು ದಿನ ಸಿಕ್ಕಿದ್ದು ಒಂದೇ ವ್ಯತ್ಯಾಸ: ಮೂರನೇ ಬ್ಯಾಚಿಗೆ ಸ್ಟಿಯರೇಟಿನ ಹೊಸ ಡ್ರಮ್ಮು ಒಡೆದಿದ್ದರು. ಅದನ್ನು ಕಂಡೂ ಮೊದಲು ಪಕ್ಕಕ್ಕೆ ತಳ್ಳಿದ್ದೆ. ಕಂಪನಿ ಅದೇ, ಪ್ರಮಾಣಪತ್ರ ಅದೇ, ನೂರಕ್ಕೆ ಒಂದು ಪಾಲಿನ ಪುಡಿ ಏನು ಮಹಾ ಮಾಡೀತು ಎಂದು. ಬುಧವಾರ ಮಾತ್ರ ಒಂದು ಪ್ರಶ್ನೆ ಕಾಲಿಗೆ ಮುಳ್ಳಿನ ಹಾಗೆ ಹತ್ತಿಕೊಂಡಿತು. ಕಾಗದದ ಪ್ರಕಾರ ಹಳೆಯ ಡ್ರಮ್ಮಿನಲ್ಲಿ ಇನ್ನೂ ಒಂದೂವರೆ ಕಿಲೋ ಉಳಿದಿರಬೇಕಿತ್ತು. ಹಾಗಿದ್ದರೆ ಹೊಸದನ್ನು ಯಾಕೆ ಒಡೆದರು?

ಉಗ್ರಾಣದವನು ಖಾಲಿ ಡ್ರಮ್ಮನ್ನು ಬೋರಲು ಮಾಡಿ ತೋರಿಸಿದ. "ಅಂಟ್ಕಂಡು ಓಗಿರ್ತದೆ ಮೇಡಂ. ಆ ಪುಡಿ ಅಂಗೇ. ಪ್ರತಿ ಸಲಾನೂ ಒಂದಷ್ಟು ಕಮ್ಮಿ ಬತ್ತದೆ, ನಷ್ಟ ಅಂತ ಬರ್ಕೊಂಡು ಬುಡ್ತೀವಿ."

ಒಂದೂವರೆ ಕಿಲೋ ಅಂಟಿಕೊಳ್ಳಲು ಅದು ಬೆಲ್ಲದ ಪಾಕವೇ? ನೇರವಾಗಿ ತೂಕದ ಕೋಣೆಗೆ ಹೋದೆ. ಮಾಸ್ಕು, ಟೋಪಿ, ಕೈಗವಸು ಹಾಕಿಕೊಂಡು ಮೂಲೆಯಲ್ಲಿ ನಿಂತೆ. ಬೇರೊಂದು ಮಾತ್ರೆಗೆ ಪುಡಿ ತೂಗುವುದು ನಡೆದಿತ್ತು. ತೂಕದಕ್ಕ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕು ಕೆಲಸ ಮುಂದುವರಿಸಿದರು. ಅವರ ಕೆಲಸ ನೋಡಲು ಚೆಂದ. ಮದ್ದನ್ನು ತೂಗುವಾಗ ಉಸಿರನ್ನೂ ಬಿಗಿ ಹಿಡಿಯುತ್ತಾರೆ. ಗ್ರಾಮು ಆಚೆ ಈಚೆ ಆಗದಂತೆ ಚಮಚದ ತುದಿಯಿಂದ ಉದುರಿಸಿ, ತಕ್ಕಡಿ ಯಂತ್ರದಿಂದ ಚೀಟಿ ತೆಗೆದು, ಪಕ್ಕದಲ್ಲಿ ನಿಂತು ತೂಕ ನೋಡುವ ಪರೀಕ್ಷಕರ ಸಹಿ ಹಾಕಿಸಿ, ಚೀಲದ ಬಾಯಿ ಕಟ್ಟಿದರು. ಆಮೇಲೆ ಸ್ಟಿಯರೇಟು. ಒಂದು ಕಿಲೋ ಸರಿಯಾಗಿ ತೂಗಿದರು. ಚೀಟಿ ಬಂತು, ಸಹಿ ಬಿತ್ತು, ಪರೀಕ್ಷಕರು ಆಚೆ ತಿರುಗಿದರು. ಆಗ ಅವರು ಡ್ರಮ್ಮಿಗೆ ಎರಡೂ ಕೈ ಹಾಕಿ ಒಂದು ತುಂಬು ಬೊಗಸೆ ತೆಗೆದು ಚೀಲಕ್ಕೆ ಸುರಿದು ಬಾಯಿ ಕಟ್ಟಿಬಿಟ್ಟರು. ಕದ್ದುಮುಚ್ಚಿ ಮಾಡಿದ್ದಲ್ಲ. ನನ್ನ ಕಣ್ಣೆದುರಿಗೇ, ಮನೆಯಲ್ಲಿ ಅಕ್ಕಿಗೆ ನೀರಿಟ್ಟಷ್ಟು ಸಲೀಸಾಗಿ.

"ಅಕ್ಕ, ಏನದು?"

"ಯಾವ್ದು?"

"ಈಗ ಹಾಕಿದ್ದು."

"ಓ, ಅದಾ? ಕೊಸರು ಕಣವ್ವ." ಮೇಡಂ ಅನ್ನುವುದು ಮರೆತಿತ್ತು ಅವರಿಗೆ. "ಜರಡಿಗೆ ಒಂದಷ್ಟು ಅಂಟ್ಕತದೆ, ಚೀಲ್ಕೆ ಒಂದಷ್ಟು ಅಂಟ್ಕತದೆ. ಅಲ್ಲಿಗೋದ್ಮೇಲೆ ಕಮ್ಮಿ ಬಿದ್ರೆ ನನ್ ಕೈಯಿಂದ್ಲೇ ಕಮ್ಮಿ ಆದಂಗಲ್ವಾ? ನಮ್ಮವ್ವ ಪೂರಿಗಾಲಿಯಿಂದ ಮಳವಳ್ಳಿ ಸಂತೆಗೆ ಅವರೆಕಾಯಿ ಒತ್ಕಂಡು ಓಗೋಳು. ಅಳ್ದಾದ್ಮೇಲೆ ಮೇಲೊಂದು ಬೊಗ್ಸೆ ಆಕ್ದೆ ಯಾರ್ಗೂ ಕೊಟ್ಟೋಳಲ್ಲ. ಕೊಸರಿಲ್ದೆ ಅಳ್ದು ಕೊಡೋದು ಒಂದು ಅಳತೆನಾ?"

"ಮದ್ದಿಗೂ ಹೀಗೇ ಹಾಕ್ತೀರಾ?"

ಅವರು ಬೆಚ್ಚಿಬಿದ್ದರು. "ಸಿವ ಸಿವಾ, ಮದ್ದು ಮುಟ್ಟಕಾಯ್ತದಾ? ಅದು ಜನದ ಮೈಗೋಗೋದು. ಇದು ಸುಮ್ನಿರೋ ಪುಡಿ ಅಲ್ವಾ? ನೀವೇ ಬರ್ದು ಅಂಟ್ಸಿದೀರಲ್ಲ, ಅಲ್ಲಿ."

ಬಾಗಿಲ ಪಕ್ಕದ ಗೋಡೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ. ನನ್ನದೇ ಅಕ್ಷರ, ಎಡಕ್ಕೆ ವಾಲಿ ಓಡುವ ಅವಸರದ ಅಕ್ಷರ. 'ಇವು ಔಷಧಿಯಲ್ಲ. ಜರಡಿಯಲ್ಲಿ, ಚೀಲದಲ್ಲಿ ಸ್ವಲ್ಪ ಅಂಟಿ ಉಳಿಯುತ್ತದೆ. ಹತ್ತಿಪ್ಪತ್ತು ಗ್ರಾಮಿಗೆಲ್ಲ ನನ್ನನ್ನು ಕೇಳಲು ಬರಬೇಡಿ. ನೋಡಿಕೊಂಡು ಹಾಕಿ.' ಕೆಳಗೆ ಅಂಕೆ ಹಾಕಿ ಹದಿನೈದು ಪುಡಿಗಳ ಪಟ್ಟಿ. ಒಂಬತ್ತನೆಯದು ಸ್ಟಿಯರೇಟು.

ಎಲ್ಲ ನೆನಪಾಯಿತು. ಎರಡು ವರ್ಷದ ಕೆಳಗೆ ತೂಕದಕ್ಕ ದಿನಕ್ಕೆ ಮೂರು ಸಲ ಮೇಲೆ ಹತ್ತಿ ಬರುತ್ತಿದ್ದರು. ಹನ್ನೆರಡು ಗ್ರಾಮು ಚೀಲದಲ್ಲೇ ಉಳಿದದೆ, ಏನ್ ಮಾಡ್ಲಿ ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ನನಗೆ ತಲೆ ಕೆಟ್ಟು ಹೋಗುತ್ತಿತ್ತು. ಒಂದು ದಿನ ಅವರ ಎದುರಿಗೇ ಈ ಹಾಳೆ ಗೀಚಿ, ತಗೊಳ್ಳಿ, ಗೋಡೆಗೆ ಅಂಟಿಸಿ ಎಂದು ಕೊಟ್ಟೆ. ಅವರು ಅದಕ್ಕೆ ಪ್ಲಾಸ್ಟಿಕ್ ಬೇರೆ ಹೊದಿಸಿದ್ದಾರೆ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಯಾರ ಮೇಲೆ ಎಂದು ಆಗ ಯೋಚಿಸಲಿಲ್ಲ.

"ಏನಾರ ತಪ್ಪಾಯ್ತಾ ಮೇಡಮ್ಮೋರೆ?"

"ಇನ್ನೂ ಗೊತ್ತಿಲ್ಲಕ್ಕ" ಎಂದು ಹೊರಗೆ ಬಂದೆ.

ನಿಜವಾಗಿಯೂ ಗೊತ್ತಿರಲಿಲ್ಲ. ಆ ಚೀಲವನ್ನು ಆಮೇಲೆ ಮತ್ತೆ ತೂಗಿದೆ, ಎಂಬತ್ತು ಗ್ರಾಮಿನ ಆಸುಪಾಸು ಹೆಚ್ಚಿತ್ತು. ಮೊದಲ ಎರಡು ಬ್ಯಾಚಿಗೂ ಇದೇ ಕೊಸರು ಬಿದ್ದಿರಲೇಬೇಕು, ಆದರೂ ಅವು ಪಾಸಾಗಿದ್ದವು. ಮಿಕ್ಸರ್ ನಡೆಸುವವನನ್ನು ಹೋಗಿ ಕೇಳಿದೆ. ಅವನ ಕಾಗದದಲ್ಲಿ ಸ್ಟಿಯರೇಟು ಹಾಕಿದ ಮೇಲೆ ಮೂರು ನಿಮಿಷ ತಿರುಗಿಸಬೇಕು ಎಂದಿದೆ.

"ಮೂರೇ ನಿಮಿಷನಾ ತಿರುಗಿಸೋದು?"

ಅವನು ತಲೆ ಕೆರೆದುಕೊಂಡ. "ಮೂರಕ್ಕೆ ಗಂಟೆ ಒಡೀತದೆ. ಆಮೇಲೆ ಒಂದು ನಾಕೈದು ನಿಮಿಷ ಬುಡ್ತೀನಿ. ಗಂಟಿರ್ಬಾರ್ದು ಅಲ್ವಾ ಮೇಡಂ? ಮುದ್ದೆ ತಿರುವಿದಂಗೆ, ಇನ್ನೆಲ್ಡು ಸುತ್ತು ಜಾಸ್ತಿಯಾದ್ರೆ ಒಳ್ಳೇದೇ."

ಈ ಪುಡಿಗೆ ಅದು ಒಳ್ಳೆಯದಲ್ಲ. ಅದು ಕೊಬ್ಬಿನ ಜಾತಿಯದು, ನೀರು ಕಂಡರೆ ಆಗದು. ಹೆಚ್ಚು ತಿರುಗಿಸಿದಷ್ಟೂ ಮಿಕ್ಕ ಕಾಳುಗಳ ಮೈಗೆಲ್ಲ ಸವರಿಕೊಂಡು ತೆಳ್ಳಗೆ ಎಣ್ಣೆ ಹಚ್ಚಿದ ಹಾಗಾಗುತ್ತದೆ. ನೀರು ಒಳಗೆ ಇಳಿಯುವುದು ತಡವಾಗುತ್ತದೆ, ಕಾಳು ಕಾಳು ಕಚ್ಚಿಕೊಳ್ಳದೆ ಮಾತ್ರೆ ಮೆತ್ತಗಾಗುತ್ತದೆ. ಮೆತ್ತಗಾಯಿತೆಂದು ಯಂತ್ರದವರು ಒತ್ತಡ ಏರಿಸಿದರೆ ಮದ್ದು ಇನ್ನಷ್ಟು ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಮೂರನೇ ಬ್ಯಾಚಿನ ದಿನ ಒತ್ತಡ ಏರಿಸಿದ್ದೂ ಕಾಗದದಲ್ಲಿ ಇತ್ತು. ಹೊಸ ಡ್ರಮ್ಮಿನ ಪುಡಿಯನ್ನು ಹಳೆಯ ಡ್ರಮ್ಮಿನಿಂದ ಲ್ಯಾಬಿನಲ್ಲಿ ತೆಗೆದಿಟ್ಟಿದ್ದ ಮಾದರಿಯ ಪಕ್ಕ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಹೊಸದು ಇನ್ನೂ ನಯ. ನಯವಾದಷ್ಟೂ ಒಂದೇ ತೂಕದ ಪುಡಿ ಹೆಚ್ಚು ಜಾಗಕ್ಕೆ ಹರಡುತ್ತದೆ. ಕೊಸರಿದ್ದೂ ಮೊದಲೆರಡು ಬ್ಯಾಚು ಪಾಸಾದದ್ದು ಹಳೆಯ ಪುಡಿ ತರಿಯಾಗಿದ್ದರಿಂದಲೇ ಇರಬೇಕು.

ಊಹೆ ಸಾಲದು, ತೋರಿಸಬೇಕು. ಐದೈದು ಕಿಲೋಗಳ ಸಣ್ಣ ಮಿಕ್ಸರಿನಲ್ಲಿ ಗುರುವಾರ ಬೆಳಿಗ್ಗೆ ನಾಲ್ಕು ಬಗೆ ಮಾಡಿ ಮಾತ್ರೆ ಒತ್ತಿಸಿದೆ. ಹಳೆಯ ಪುಡಿ ಸರಿಯಾದ ತೂಕ, ಸರಿಯಾದ ಹೊತ್ತು. ಹೊಸ ಪುಡಿ ಹಾಗೆಯೇ. ಹೊಸ ಪುಡಿಗೆ ಕೊಸರು ಸೇರಿಸಿದ್ದು ಮತ್ತೊಂದು, ಕೊಸರಿನ ಮೇಲೆ ಎಂಟು ನಿಮಿಷ ತಿರುಗಿಸಿದ್ದು ಕೊನೆಯದು. ಇರುವುದು ಒಂದೇ ಪರೀಕ್ಷಾ ಯಂತ್ರ, ಆರೇ ಪಾತ್ರೆ. ಬಗೆಗೆ ಮೂರು ಮಾತ್ರೆಯಂತೆ ದಿನಕ್ಕೆ ಎರಡು ಬಗೆ ಎಂದು ಲೆಕ್ಕ ಹಾಕಿದೆ. ಶುಕ್ರವಾರ ಮೊದಲೆರಡು, ಶನಿವಾರ ಉಳಿದೆರಡು.

ಆ ಎರಡು ದಿನ ನನ್ನನ್ನು ಯಾರೂ ಮಾತಾಡಿಸದಿದ್ದರೆ ಸಾಕಿತ್ತು. ಟೀ ಕುಡಿದೆ, ಇನ್ನೊಮ್ಮೆ ಕುಡಿದೆ, ಹೆದ್ದಾರಿಯ ತನಕ ಹೋಗಿ ಬಂದೆ. ಶನಿವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ತೂಕದಕ್ಕ ಎದುರಿಗೆ ಬಂದು ಕೂತು ಮುದ್ದೆ ಮುರಿದು ಸಾರಿಗೆ ಅದ್ದಿದರು, ನುಂಗಲಿಲ್ಲ. "ಉಗ್ರಾಣದೋನು ಏಳ್ದ. ನನ್ ಕೊಸರಿಂದ್ಲೇ ಆಗಿರೋದಂತೆ."

"ನಿಮ್ಮೊಬ್ಬರಿಂದ ಆಗಿದ್ದಲ್ಲಕ್ಕ. ನೀವು ಊಟ ಮಾಡಿ."

"ನಾನು ಯಾರ್ಗೂ ಕಮ್ಮಿ ಅಳ್ದೋಳಲ್ಲ ಕಣವ್ವ. ಜಾಸ್ತಿ ಆಕಿದ್ದು ತಪ್ಪಾಯ್ತದೆ ಅಂತ ನಂಗೆ ಯಾರೂ ಏಳ್ನೇ ಇಲ್ಲ."

ಯಾರೂ ಹೇಳಲಿಲ್ಲ ಅನ್ನುವುದು ಕೂಡ ಪೂರ್ತಿ ನಿಜವಲ್ಲ. ಹಾಕಿ ಎಂದು ಹೇಳಿದವಳು ಎದುರಿಗೇ ಕೂತಿದ್ದೆ. ಅವರ ಬಾಯಿಂದ ಆ ಮಾತು ಬರಲಿಲ್ಲ, ನನ್ನ ಬಾಯಿಂದಲೂ ಬರಲಿಲ್ಲ.

ಶನಿವಾರ ಸಂಜೆ ಐದಕ್ಕೆ ಎಲ್ಲ ಫಲಿತಾಂಶ ಮುಗಿಯಿತು. ಮೊದಲ ಮೂರು ಬಗೆಯೂ ಪಾಸು, ಒಂದಕ್ಕಿಂತ ಒಂದು ನಿಧಾನ, ಮೂರನೆಯದು ಗೆರೆಯ ಮೇಲೆ ಕಷ್ಟಪಟ್ಟು ನಿಂತಿತ್ತು. ನಾಲ್ಕನೆಯದು ನಮ್ಮ ಫೇಲಾದ ಬ್ಯಾಚಿನ ಹಾಗೆಯೇ, ಅದೇ ಎಪ್ಪತ್ತರ ಕೆಳಗೆ. ಒಂದು ಕ್ಷಣ ಖುಷಿಯಾಯಿತು, ಸುಳ್ಳು ಹೇಳಬಾರದು. ಒಗಟು ಬಿಡಿಸಿದವಳ ಖುಷಿ. ಎರಡನೇ ಬ್ಯಾಚು ಮೊದಲನೆಯದಕ್ಕಿಂತ ನಿಧಾನ ಎಂದು ಅವತ್ತೇ ಹಾಳೆಯಲ್ಲಿ ಕಂಡಿದ್ದರೂ, ಹೇಗೂ ಪಾಸಾಯಿತಲ್ಲ ಎಂದು ಮುಂದಕ್ಕೆ ಓಡಿದವಳೂ ನಾನೇ ಎಂಬುದು ಆಮೇಲೆ ನೆನಪಾಗಿ ಖುಷಿ ಇಳಿಯಿತು.

ಕ್ವಾಲಿಟಿ ಮುಖ್ಯಸ್ಥರು ಹಾಳೆಗಳನ್ನೆಲ್ಲ ನೋಡಿ ತಲೆದೂಗಿದರು. "ಶಭಾಷ್. ಹೊಸ ಪುಡಿ ನಯ ಇತ್ತು ಅಂತ ಒಂದು ಸಾಲು. ಮಿಕ್ಸರಿನವನಿಗೆ ಎಚ್ಚರಿಕೆ. ತೂಕದ ಹೆಂಗಸು ಚೀಟಿ ತೆಗೆದ ಮೇಲೆ ಪುಡಿ ಸೇರಿಸಿದ್ಲು, ಅದು ದಾಖಲೆಗೆ ಮೋಸ. ಅವಳನ್ನ ಕಳ್ಸಿಬಿಟ್ರೆ ಕೊಳ್ಳೋರು ಮುಂದೆ ಮಾತಾಡಲ್ಲ."

"ಅವರು ಮೋಸ ಮಾಡಿಲ್ಲ ಸರ್."

"ನೋಡಮ್ಮ, ಗುತ್ತಿಗೆಯವಳು. ನಾಳೆ ಇನ್ನೊಬ್ರು ಬರ್ತಾರೆ. ನಿಮ್ಮ ಹೆಸರು, ನನ್ನ ಹೆಸರು ಇದರಲ್ಲಿ ಬರೋದು ಬೇಡ. ನಿಮಗೆ ಮುಂದೆ ಈ ವಿಭಾಗ ನೋಡ್ಕೊಳ್ಳೋದು ಐತೆ."

ವಿಭಾಗದ ಮುಖ್ಯಸ್ಥೆಯಾಗುವ ಆಸೆ ನನಗೆ ಇರಲಿಲ್ಲವೆಂದಲ್ಲ. ಚೆನ್ನಾಗಿಯೇ ಇತ್ತು. ವರದಿಯ ಕಾಗದ ಹಿಡಿದು ಕಾರಿಡಾರಿಗೆ ಬಂದೆ, ಆ ತುದಿಗೆ ಹೋದೆ, ಈ ತುದಿಗೆ ಬಂದೆ. ಅವರ ಮಾತಿನಲ್ಲಿ ಸುಳ್ಳು ಒಂದೂ ಇರಲಿಲ್ಲ. ಚೀಟಿಯ ನಂತರ ಪುಡಿ ಸೇರಿಸಿದ್ದು ನಿಜ, ನಿಯಮದ ಪ್ರಕಾರ ತಪ್ಪು. ಆದರೆ ಕೇಳಲು ಮೆಟ್ಟಿಲು ಹತ್ತಿ ಬರುತ್ತಿದ್ದ ಹೆಂಗಸನ್ನು ಬರಬೇಡಿ ಎಂದು ಕಳಿಸಿದ್ದು ಯಾರು? ಮೂರನೇ ಸುತ್ತಿಗೆ ನಾನು ಮೇಲಿನ ಕೋಣೆಗೆ ತಿರುಗದೆ ಕೆಳಗೆ ಇಳಿದೆ. ತೂಕದ ಕೋಣೆಯ ಗೋಡೆಯಿಂದ ನನ್ನ ಹಾಳೆಯನ್ನು ಉಗುರಿನಿಂದ ಎಬ್ಬಿಸಿ ಕಿತ್ತೆ. ಅಂಟು ಗಟ್ಟಿಯಾಗಿತ್ತು, ಗೋಡೆಯ ಬಣ್ಣವೂ ಸ್ವಲ್ಪ ಬಂತು.

ವರದಿಯಲ್ಲಿ ಮೂಲ ಕಾರಣ ಎಂಬ ಕಡೆ ಬರೆದೆ: ಸ್ಟಿಯರೇಟಿನ ತೂಕ ಮತ್ತು ಮಿಶ್ರಣದ ಹೊತ್ತು ಮದ್ದಿನ ಬಿಡುಗಡೆಯನ್ನು ಬದಲಿಸುತ್ತವೆ ಎಂದು ಕೆಲಸಗಾರರಿಗೆ ತಿಳಿಸಿರಲಿಲ್ಲ, ಬದಲಿಗೆ ನೋಡಿಕೊಂಡು ಹಾಕಿ ಎಂದು ಲಿಖಿತ ಸೂಚನೆ ಕೊಡಲಾಗಿತ್ತು, ಸೂಚನೆ ಕೊಟ್ಟವಳು ನಾನು. ಹಾಳೆಯನ್ನು ಪ್ಲಾಸ್ಟಿಕ್ ಸಮೇತ ಹಿಂದಕ್ಕೆ ಪಿನ್ನು ಮಾಡಿದೆ. ಇನ್ನು ಯೋಚಿಸಿದರೆ ಮನಸ್ಸು ಬದಲಾಗಬಹುದೆಂದು ಓಡಿ ಹೋಗಿಯೇ ಕೊಟ್ಟೆ. ನನ್ನ ಅವಸರ ಒಳ್ಳೆಯದಕ್ಕೆ ಒದಗಿದ್ದು ಅದೊಂದೇ ಸಲ ಇರಬೇಕು.

ಮುಖ್ಯಸ್ಥರು ಓದಿ ಕನ್ನಡಕ ತೆಗೆದರು. "ಇದನ್ನ ಕಳ್ಸಿದ್ರೆ ವಾಪಸ್ ತಗೋಳಕ್ಕಾಗಲ್ಲ."

"ಕಳ್ಸಿ ಸರ್."

ಕೊಳ್ಳುವವರು ಕಾರಣ ಒಪ್ಪಿದರು, ಮತ್ತೆ ಮೂರು ಬ್ಯಾಚು ಮಾಡಲು ಹೇಳಿದರು. ಸ್ಟಿಯರೇಟಿನ ಪ್ರತಿ ಡ್ರಮ್ಮಿನ ನಯ ಅಳೆಯಬೇಕು, ಅಂಟಿ ಉಳಿದದ್ದನ್ನು ಮತ್ತೆ ತೂಗಿ ಬರೆಯಬೇಕು, ಮಿಕ್ಸರು ಮೂರು ನಿಮಿಷಕ್ಕೆ ತಾನೇ ನಿಲ್ಲಬೇಕು ಎಂದು ಹೊಸ ಕ್ರಮ ಬಂತು. ನನ್ನನ್ನು ಉತ್ಪಾದನೆಯ ಕಡೆಯಿಂದ ತೆಗೆದು ದಾಖಲೆಗಳ ಕೋಣೆಗೆ ಹಾಕಿದರು. ಎಷ್ಟು ದಿನ ಎಂದು ಹೇಳಲಿಲ್ಲ. ವಿಭಾಗ ಬೇರೆಯವರಿಗೆ ಹೋಯಿತು. ಇಡೀ ದಿನ ಕುರ್ಚಿಯಲ್ಲಿ ಕೂತು ಬೇರೆಯವರು ಬರೆದದ್ದನ್ನು ಓದುವುದು. ನನ್ನಂಥವಳಿಗೆ ಇದಕ್ಕಿಂತ ಸರಿಯಾದ ಶಿಕ್ಷೆ ಯಾರಿಗೂ ಹೊಳೆಯುತ್ತಿರಲಿಲ್ಲ. ಸಂಕಟವಾಯಿತು, ಒಂದೆರಡು ದಿನ ಬರೆದದ್ದಕ್ಕೆ ಪಶ್ಚಾತ್ತಾಪವೂ ಆಯಿತು. ತೂಕದಕ್ಕ ತೂಕದ ಕೋಣೆಯಲ್ಲೇ ಉಳಿದರು. ಖಾಯಂ ವಿಚಾರ ಮೂರೂ ಬ್ಯಾಚು ಮುಗಿದ ಮೇಲೆ ನೋಡೋಣ ಎಂದರಂತೆ.

ಹೊಸ ಮೂರನೇ ಬ್ಯಾಚಿನ ಪರೀಕ್ಷೆ ಬೆಳಿಗ್ಗೆ ಎಂಟಕ್ಕೆ ಶುರುವಾಯಿತು ಎಂದು ನನಗೆ ಗೊತ್ತಿತ್ತು. ಲ್ಯಾಬಿಗೆ ಹೋಗಲು ನನಗೀಗ ಅನುಮತಿ ಇಲ್ಲ. ಒಂಬತ್ತಾಯಿತು, ಹನ್ನೆರಡಾಯಿತು. ಒಂದೇ ಪುಟವನ್ನು ಏಳು ಸಲ ಓದಿದೆ. ನಾಲ್ಕು ದಾಟಿತು. ಐದಕ್ಕೆ ಹತ್ತು ನಿಮಿಷವಿರುವಾಗ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಕೇಳಿತು. ಆ ಹೆಜ್ಜೆ ನನಗೆ ಎರಡು ವರ್ಷದ ಹಿಂದಿನಿಂದ ಗೊತ್ತು, ಆಗ ಕೇಳಿದರೆ ಮೈ ಉರಿಯುತ್ತಿತ್ತು.

ತೂಕದಕ್ಕ ಬಾಗಿಲಲ್ಲಿ ನಿಂತರು, ಏದುಸಿರು ಬಿಡುತ್ತಿದ್ದರು.

"ಪಾಸಾಯ್ತು ಕಣವ್ವ. ಆರಕ್ಕಾರೂ."

ಅವರು ಒಳಗೆ ಬಂದು ಮೇಜಿನ ಮುಂದೆ ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ಹಿಡಿದರು. ಬೊಗಸೆಯಲ್ಲಿ ಏನೂ ಇರಲಿಲ್ಲ.

"ನೋಡಿ. ಅವತ್ತಿಂದ ಒಂದು ಕಾಳೂ ಜಾಸ್ತಿ ಆಕಿಲ್ಲ. ಚೀಟಿ ಬಂದ್ಮೇಲೆ ಕೈ ತಾನಾಗೇ ಡ್ರಮ್ಮಿಗೋಯ್ತದೆ. ಇಂಗೆ ಸೆರಗಿಗೆ ಸುತ್ಕಂಡು ನಿಂತ್ಕತೀನಿ." ಆಮೇಲೆ ದನಿ ತಗ್ಗಿಸಿದರು. "ಕೊಸರಿಲ್ದೆ ಕೊಡಕ್ಕೆ ಸಂಕಟ ಆಯ್ತದೆ ಕಣವ್ವ. ಏನೋ ಕಮ್ಮಿ ಮಾಡ್ದಂಗೆ."

"ನನಗೂ ಇಲ್ಲಿ ಕೂತಿರೋದಕ್ಕೆ ಸಂಕಟವೇ ಅಕ್ಕ" ಎಂದೆ.

ಅವರು ನಕ್ಕರು, ನಾನೂ ನಕ್ಕೆ. ಎದುರಿನ ಕುರ್ಚಿ ತೋರಿಸಿದೆ. ಅವರು ಕೂತರು. ನಾನು ದಿನಾ ಓಡಿ ಹಿಡಿಯುವ ಐದೂಕಾಲಿನ ಬಸ್ಸು ಹೆದ್ದಾರಿಯಲ್ಲಿ ಹಾರನ್ ಮಾಡಿಕೊಂಡು ಹೋದದ್ದು ಕೇಳಿಸಿತು. ನಾನು ಏಳಲಿಲ್ಲ.